ಹಾರೈಕೆ ಬೇರೆ, ಷರತ್ತು ಬೇರೆ

ಓದುಗರ ಪತ್ರ (ಸಂಕ್ಷಿಪ್ತಗೊಳಿಸಿದ್ದು): ನಮ್ಮದು ಕೋಡ್ ನೋಡಿಕೊಳ್ಳುವ 9 ಮಂದಿ ಮೇಂಟೇನರ್‌ಗಳಿರುವ ಓಪನ್ ಸೋರ್ಸ್ ಯೋಜನೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದ ತಂತ್ರಾಂಶ. ಕೋಡ್ ಆಫ್ ಕಂಡಕ್ಟ್ (ನಡವಳಿಕೆಯ ಸಂಹಿತೆ) ಬೇಕೆಂದು ತೀರ್ಮಾನವಾದಾಗ ನಮ್ಮ ಹಿರಿಯರೊಬ್ಬರು ಕರಡು ಬರೆದುಕೊಟ್ಟರು. ಅದರ ಮೊದಲ ಮೂರು ಸಾಲು ಹೀಗಿವೆ: 'ಭಗವಂತನಲ್ಲಿ ಭಯಭಕ್ತಿಯಿಟ್ಟು ಸೇವೆಯೇ ಪೂಜೆಯೆಂದು ದುಡಿಯತಕ್ಕದ್ದು. ಪರನಿಂದೆ ಮಾಡತಕ್ಕದ್ದಲ್ಲ. ತಪ್ಪಿದವರನ್ನು ಕ್ಷಮಿಸತಕ್ಕದ್ದು.' ಇಬ್ಬರು ಆಕ್ಷೇಪಿಸಿದ್ದಾರೆ. ದೇವರಲ್ಲಿ ನಂಬಿಕೆಯಿಲ್ಲದ ಹೊಸ ಹುಡುಗನೊಬ್ಬ 'ಹಾಗಾದರೆ ನಾನು ಒಳಗೋ ಹೊರಗೋ' ಎಂದು ಕೇಳಿದ್ದಾನೆ. ಧರ್ಮದ ಮೌಲ್ಯಗಳನ್ನು ಪೂರ್ತಿ ಹೊರಗಿಡಬೇಕೇ? ಆ ಹಿರಿಯರ ಮನಸ್ಸು ನೋಯಿಸಲು ನಮಗೆ ಇಷ್ಟವಿಲ್ಲ.

ಸಂಪಾದಕರ ಉತ್ತರ:

ಮೊದಲ ಸಾಲನ್ನು ಸಂಹಿತೆಯಿಂದ ತೆಗೆಯಿರಿ. ಉಳಿದೆರಡನ್ನು ಹಾಗೆಯೇ ಇಡಬೇಡಿ, ತಿರುಗಿ ಬರೆಯಿರಿ. ಹಿರಿಯರ ಮಾತು ತಪ್ಪೆಂದು ನಾವು ಹೀಗೆ ಹೇಳುತ್ತಿಲ್ಲ. ಕೋಡ್ ಆಫ್ ಕಂಡಕ್ಟ್ ಎಲ್ಲರೂ ಚೆನ್ನಾಗಿರುವ ದಿನಕ್ಕಲ್ಲ, ಯಾರೋ ಒಬ್ಬರು ನೊಂದು ದೂರು ಕೊಟ್ಟ ದಿನಕ್ಕೆ ಬೇಕಾಗುವ ಕಾಗದ. ಆ ದಿನ ದೂರು ನೋಡುವ ಸಮಿತಿಯ ಮೂರು ಜನ ಕುಳಿತು, ಮುಂದಿರುವ ಮೇಲ್‌ಗಳನ್ನೂ ಕಾಮೆಂಟ್‌ಗಳನ್ನೂ ಓದಿ, ಈ ಸಾಲು ಮುರಿಯಿತೋ ಇಲ್ಲವೋ ಎಂದು ಹೇಳುವಂತಿರಬೇಕು. ಭಯಭಕ್ತಿ ಇತ್ತೇ ಇರಲಿಲ್ಲವೇ ಎಂಬುದನ್ನು ಯಾವ ಮೇಲ್ ನೋಡಿ ಹೇಳುತ್ತೀರಿ? ಧರ್ಮ ಮನಸ್ಸನ್ನು ನೋಡುತ್ತದೆ. ಸಂಹಿತೆಗೆ ಕಾಣುವುದು ನಡೆ ಮಾತ್ರ.

ಈ ಪ್ರಶ್ನೆ ಎದುರಿಸಿದವರಲ್ಲಿ ನೀವು ಮೊದಲಿಗರಲ್ಲ. ಎಸ್‌ಕ್ಯೂಲೈಟ್ ಡೇಟಾಬೇಸ್‌ನವರು ತಮ್ಮ ಕೋಡ್ ಆಫ್ ಕಂಡಕ್ಟ್ ಆಗಿ ಪ್ರಕಟಿಸಿದ್ದು 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯ 4ನೆಯ ಅಧ್ಯಾಯವನ್ನು. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬಲ್ಲಿಂದ ಶುರುವಾಗಿ ಉಪವಾಸವನ್ನು ಪ್ರೀತಿಸು, ಗೊಣಗಬೇಡ, ಸೂರ್ಯ ಮುಳುಗುವ ಮುನ್ನ ಎದುರಾಳಿಯೊಡನೆ ರಾಜಿಯಾಗು ಎನ್ನುವವರೆಗೆ ಅದರಲ್ಲಿ 70ಕ್ಕೂ ಹೆಚ್ಚು ಸೂತ್ರಗಳಿವೆ. 2018ರ ಅಕ್ಟೋಬರ್‌ನಲ್ಲಿ ಇದು ಹೊರಗಿನವರ ಕಣ್ಣಿಗೆ ಬಿದ್ದು ದೊಡ್ಡ ಗದ್ದಲವಾಯಿತು. ಆ ಪುಟ ಹುಟ್ಟಿದ್ದೇ ಗ್ರಾಹಕ ಕಂಪನಿಗಳ ಸರಬರಾಜುದಾರರ ನೋಂದಣಿ ಫಾರಂನಲ್ಲಿದ್ದ ಒಂದು ಖಾಲಿ ಜಾಗ ತುಂಬಲು ಎಂದು ಅವರೇ ಬರೆದುಕೊಂಡಿದ್ದಾರೆ. ಇದನ್ನು ಯಾರೂ ಪಾಲಿಸಬೇಕಿಲ್ಲ, ಒಳ್ಳೆಯದೆಂದು ಒಪ್ಪಲೂ ಬೇಕಿಲ್ಲ ಎಂಬ ಮಾತೂ ಅಲ್ಲಿದೆ. ಕೊನೆಗೆ ಅವರು ಅದರ ಹೆಸರನ್ನು 'ಕೋಡ್ ಆಫ್ ಎಥಿಕ್ಸ್' ಎಂದು ಬದಲಿಸಿದರು. ಸೂತ್ರಗಳು ಅವೇ, ತಲೆಬರಹ ಬೇರೆ. ನಮ್ಮ ದೃಷ್ಟಿಯಲ್ಲಿ ಆ ಬದಲಾವಣೆ ಸರಿಯಾದದ್ದು. ಅದು ಆ ಸಣ್ಣ ತಂಡ ತನಗೆ ತಾನೇ ಹಾಕಿಕೊಂಡ ವ್ರತ. ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಹೊರಗಿನವರ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಸ್ವೀಕರಿಸುವುದಿಲ್ಲ, ಹಾಗಾಗಿ ವ್ರತ ತಂಡದ ಮಟ್ಟಿಗೆ ಉಳಿಯುತ್ತದೆ. ನಿಮ್ಮ ಯೋಜನೆಗೆ ಯಾರು ಬೇಕಾದರೂ ಪುಲ್ ರಿಕ್ವೆಸ್ಟ್ (ತಮ್ಮ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬಹುದಾದರೆ ಲೆಕ್ಕ ಬೇರೆಯಾಗುತ್ತದೆ.

ಅದೇ ಎಸ್‌ಕ್ಯೂಲೈಟ್‌ನ ಸೋರ್ಸ್ ಕಡತಗಳ ತಲೆಯಲ್ಲಿ ಕಾಪಿರೈಟ್ ಸೂಚನೆಯ ಬದಲು ಒಂದು ಹಾರೈಕೆ ಇದೆ: ನೀವು ಒಳಿತನ್ನೇ ಮಾಡುವಂತಾಗಲಿ, ಕೆಡುಕನ್ನಲ್ಲ, ನಿಮಗೆ ಕ್ಷಮೆ ಸಿಗಲಿ, ನೀವೂ ಇತರರನ್ನು ಕ್ಷಮಿಸುವಂತಾಗಲಿ, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳದೆ ಹಂಚಿಕೊಳ್ಳುವಂತಾಗಲಿ. ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಇನ್ನೊಂದೆಡೆ ಜೇಸನ್ ಎಂಬ ದತ್ತಾಂಶ ರೂಪದ ತಂತ್ರಾಂಶಕ್ಕಿದ್ದ ಲೈಸೆನ್ಸಿನಲ್ಲಿ (ಬಳಕೆಯ ಅನುಮತಿ ಪತ್ರದಲ್ಲಿ) ಬಹುತೇಕ ಅದೇ ಮಾತು ಷರತ್ತಾಗಿ ಬಂತು: ಈ ತಂತ್ರಾಂಶವನ್ನು ಒಳಿತಿಗೆ ಬಳಸತಕ್ಕದ್ದು, ಕೆಡುಕಿಗಲ್ಲ. ಮುಕ್ತ ತಂತ್ರಾಂಶದ ಪರ ಕೆಲಸ ಮಾಡುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದನ್ನು ಮುಕ್ತವಲ್ಲದ ಲೈಸೆನ್ಸ್ ಎಂದಿತು. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಕಟ್ಟುವ ಡೆಬಿಯನ್ ತಂಡ ಒಪ್ಪಲಿಲ್ಲ. 2016ರಲ್ಲಿ, ಹಲವು ಓಪನ್ ಸೋರ್ಸ್ ಯೋಜನೆಗಳನ್ನು ನಡೆಸುವ ಅಪಾಚೆ ಫೌಂಡೇಶನ್ ಕೂಡ ತನ್ನ ಯೋಜನೆಗಳಲ್ಲಿ ಬಳಸಬಾರದವುಗಳ ಪಟ್ಟಿಗೆ ಅದನ್ನು ಸೇರಿಸಿತು. ಯಾವುದು ಕೆಡುಕು ಎಂದು ಹೇಳುವವರು ಯಾರು ಎಂಬುದೇ ತೊಡಕು. ಹಾರೈಕೆಗೆ ತೀರ್ಪುಗಾರ ಬೇಡ, ಷರತ್ತಿಗೆ ಬೇಕು. ನಿಮ್ಮ ಹಿರಿಯರು ಹಾರೈಕೆಯಾಗಿ ಚೆಂದವಿರುವ ಮಾತಿಗೆ 'ತಕ್ಕದ್ದು' ಸೇರಿಸಿ ಷರತ್ತು ಮಾಡಿದ್ದಾರೆ. ಲೈಸೆನ್ಸ್ ಕಡತದಲ್ಲಂತೂ ಇಂಥ ಸಾಲನ್ನು ಇಡಲೇಬೇಡಿ. ವ್ಯಕ್ತಿ, ಗುಂಪುಗಳ ನಡುವೆ ಭೇದ ಮಾಡಬಾರದೆಂಬುದು, ಯಾವ ಲೈಸೆನ್ಸ್ ಓಪನ್ ಸೋರ್ಸ್ ಎನಿಸಿಕೊಳ್ಳುತ್ತದೆ ಎಂದು ಹೇಳುವ ಓಪನ್ ಸೋರ್ಸ್ ವ್ಯಾಖ್ಯೆಯ 5ನೆಯ ಅಂಶ.

ಇನ್ನು 'ಪರನಿಂದೆ ಮಾಡತಕ್ಕದ್ದಲ್ಲ'. ಕೇಳಲು ಹಿತವಾಗಿರುವ ಈ ಸಾಲು ಮೂರರಲ್ಲಿ ಎಲ್ಲಕ್ಕಿಂತ ಅಪಾಯದ್ದು. ಒಬ್ಬಳು ಹೊಸ ಕೊಡುಗೆದಾರಳು ಹಳೆಯ ಮೇಂಟೇನರ್ ಒಬ್ಬರು ತನಗೆ ಖಾಸಗಿಯಾಗಿ ಕೆಟ್ಟ ಸಂದೇಶ ಕಳಿಸುತ್ತಿದ್ದಾರೆಂದು ಸಮಿತಿಗೆ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಆ ಮೇಂಟೇನರ್ ಇದೇ ಸಾಲು ತೋರಿಸಿ 'ನನ್ನ ಬೆನ್ನ ಹಿಂದೆ ನಿಂದೆ' ಎನ್ನಬಹುದು. ದೂರು ಕೊಟ್ಟವಳೇ ಆರೋಪಿಯಾಗುತ್ತಾಳೆ. 'ಗೊಣಗಬೇಡ' ಎಂಬಂಥ ಸೂತ್ರದ ಪಾಡೂ ಇದೇ, ಏಕೆಂದರೆ ಬಗ್ ರಿಪೋರ್ಟ್ (ಕೋಡ್‌ನ ದೋಷದ ವರದಿ) ಕೂಡ ಒಂದು ಬಗೆಯ ಗೊಣಗಾಟವಾಗಿ ಕಾಣಬಲ್ಲದು. ಆ ಸಾಲಿನ ಬದಲು ಹೀಗೆ ಬರೆಯಿರಿ: 'ಕೋಡ್‌ನ ತಪ್ಪನ್ನು ಎಷ್ಟು ಬೇಕಾದರೂ ಹೇಳಿ, ಬರೆದವರ ಬುದ್ಧಿ, ಜಾತಿ, ಧರ್ಮ, ಲಿಂಗ, ಭಾಷೆಯ ಬಗ್ಗೆ ಹಗುರವಾಗಿ ಮಾತಾಡಬೇಡಿ. ಸಮಿತಿಗೆ ಸದ್ಭಾವದಿಂದ ಕೊಟ್ಟ ದೂರು ನಿಂದೆಯಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು ಸ್ವತಃ ಉಲ್ಲಂಘನೆ.' ಹಿರಿಯರು ಕಾಪಾಡಲು ಹೊರಟ ಮೌಲ್ಯ ಇದರಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ, ಮುರಿದರೆ ಗೊತ್ತಾಗುತ್ತದೆ ಎಂಬುದಷ್ಟೇ ಹೊಸತು.

ಕ್ಷಮೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕ್ಷಮಿಸುವ ಹಕ್ಕು ನೊಂದವರದು. ಅವರ ಪರವಾಗಿ ಸಮಿತಿ ಕ್ಷಮಿಸಲು ಬರುವುದಿಲ್ಲ, ಕ್ಷಮಿಸಿಬಿಡಿ ಎಂದು ನೊಂದವರನ್ನು ಒತ್ತಾಯಿಸಲಂತೂ ಬರುವುದೇ ಇಲ್ಲ. 'ಕ್ಷಮಿಸತಕ್ಕದ್ದು' ಎಂದು ಬರೆದಿಟ್ಟರೆ ಕ್ಷಮಿಸದ ಸಂತ್ರಸ್ತರೇ ಸಂಹಿತೆ ಮುರಿದಂತಾಗುತ್ತದೆ. ಹಾಗೆಂದು ಒಮ್ಮೆ ತಪ್ಪಿದವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚುವುದೂ ಕ್ರೌರ್ಯವೇ. ಕ್ಷಮೆಯನ್ನು ವಿಧಾನವಾಗಿ ಮಾಡಿಕೊಳ್ಳಿ. ಅನೇಕ ಯೋಜನೆಗಳು ಬಳಸುವ ಸಿದ್ಧ ಸಂಹಿತೆಯಾದ ಕಾಂಟ್ರಿಬ್ಯೂಟರ್ ಕವನೆಂಟ್‌ನ 2.0 ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಖಾಸಗಿಯಾಗಿ ತಿದ್ದುವುದು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ. ತಾತ್ಕಾಲಿಕ ನಿಷೇಧಕ್ಕೆ ಮುಗಿಯುವ ದಿನಾಂಕ ಹಾಕಿ, 30 ದಿನವೋ 90 ದಿನವೋ. ಆ ದಿನಾಂಕ ಬಂದಾಗ ಮರಳಿದವರ ಹಳೆಯ ತಪ್ಪನ್ನು ಚರ್ಚೆಯಲ್ಲಿ ಎತ್ತಬಾರದೆಂದೂ ಬರೆಯಿರಿ. ಮರಳಿ ಬರುವುದಕ್ಕೆ ನೊಂದವರ ಕ್ಷಮೆಯನ್ನು ಷರತ್ತಾಗಿಸಬೇಡಿ, ಆ ಭಾರ ಅವರ ತಲೆಯ ಮೇಲೆ ಬೀಳಬಾರದು.

ನಂಬುವವರ ರಕ್ಷಣೆಯ ಮಾತನ್ನು ನಿಮ್ಮ ಪತ್ರದಲ್ಲಿ ಎರಡೂ ಕಡೆಯವರು ಎತ್ತಿಲ್ಲ. ಕಾಂಟ್ರಿಬ್ಯೂಟರ್ ಕವನೆಂಟ್‌ನಲ್ಲಿ ಕಿರುಕುಳದಿಂದ ರಕ್ಷಣೆಯಿರುವ ಗುರುತುಗಳ ಪಟ್ಟಿಯಲ್ಲಿ ಧರ್ಮವೂ ಇದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ತಂಡ 2018ರ ಸೆಪ್ಟೆಂಬರ್‌ನಲ್ಲಿ ಅಳವಡಿಸಿಕೊಂಡದ್ದು ಇದರದೇ ಹಿಂದಿನ ಆವೃತ್ತಿಯನ್ನು. ನೀವು 'ಧರ್ಮ ಅಥವಾ ಧರ್ಮವಿಲ್ಲದಿರುವಿಕೆ' ಎಂದು ಎರಡನ್ನೂ ಬರೆಯಿರಿ. ಆ ಹುಡುಗನಿಗೂ ಹಿರಿಯರಿಗೂ ಒಂದೇ ಸಾಲಿನಲ್ಲಿ ಜಾಗ ಸಿಗುತ್ತದೆ. ಮೇಲ್‌ನ ಸಹಿಯ ಕೆಳಗೆ ಒಬ್ಬರು ತಮ್ಮ ಇಷ್ಟದೈವದ ಹೆಸರು ಹಾಕಿಕೊಂಡರೆ ಅದು ಉಲ್ಲಂಘನೆಯಲ್ಲ. ಪ್ಯಾಚ್ ವಿಮರ್ಶೆಯ ನಡುವೆ ಮತಪ್ರಚಾರ ಮಾಡಿ, ನಿಲ್ಲಿಸಿ ಎಂದ ಮೇಲೂ ಮುಂದುವರಿಸಿದರೆ ಉಲ್ಲಂಘನೆ. ಒಂದು ನಂಬಿಕೆಯನ್ನು ಒಪ್ಪುವುದಿಲ್ಲ ಎನ್ನಬಹುದು, ಅದನ್ನು ಇಟ್ಟುಕೊಂಡವರನ್ನು ಮೂಢರೆಂದು ಕರೆಯಬಾರದು. ಬಿಡುಗಡೆಯ ದಿನ, ಮತದಾನದ ಕೊನೆಯ ದಿನ, ಸಮ್ಮೇಳನದ ದಿನ ಗೊತ್ತುಮಾಡುವ ಮುನ್ನ ಮೇಂಟೇನರ್‌ಗಳ ಹಬ್ಬ, ಉಪವಾಸದ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಮತದಾನ 7 ದಿನ ತೆರೆದಿದ್ದರೆ ವಾರದ ವಿಶ್ರಾಂತಿ ದಿನ ಪಾಲಿಸುವವರಿಗೂ ಅವಕಾಶ ಉಳಿಯುತ್ತದೆ, 24 ಗಂಟೆಯಲ್ಲಿ ಮುಗಿಸಿದರೆ ಉಳಿಯುವುದಿಲ್ಲ.

ಸಮಿತಿಗೆ ಮೂವರು ಸಾಕು, ಆದರೆ ಮೂವರೂ ಒಂದೇ ಕಂಪನಿಯವರೋ ಒಂದೇ ಮತದವರೋ ಆಗಿರುವುದು ಬೇಡ. ದೂರು ತಮ್ಮ ಮೇಲೆ ಬಂದರೆ ಆ ಸದಸ್ಯರು ಹೊರಗೆ ನಿಲ್ಲಬೇಕು, ಅದಕ್ಕಾಗಿ ನಾಲ್ಕನೆಯವರೊಬ್ಬರನ್ನು ಮೊದಲೇ ಗೊತ್ತುಮಾಡಿ. ದೂರು ತಲುಪಿತೆಂಬ ಉತ್ತರ 48 ಗಂಟೆಯೊಳಗೆ ಹೋಗಲಿ. ಸಿದ್ಧ ಸಂಹಿತೆಯನ್ನು ನಕಲು ಮಾಡುವವರು ಪದೇ ಪದೇ ಮಾಡುವ ತಪ್ಪೊಂದಿದೆ: ಸಂಪರ್ಕ ವಿಳಾಸವನ್ನು ಇಲ್ಲಿ ತುಂಬಿ ಎಂದು ಚೌಕ ಆವರಣದೊಳಗಿರುವ ಸಾಲನ್ನು ತುಂಬದೆ ಹಾಗೇ ಬಿಟ್ಟುಬಿಡುತ್ತಾರೆ. ನೊಂದವರು ಕಡತದ ಕೊನೆಯವರೆಗೆ ಓದಿ ಬಂದಾಗ ಬರೆಯಲು ವಿಳಾಸವೇ ಇರುವುದಿಲ್ಲ. ವಿಳಾಸ ತುಂಬಿದ ಮೇಲೆ ಹೊರಗಿನ ಖಾತೆಯಿಂದ ಒಂದು ಮೇಲ್ ಕಳಿಸಿ, ಮೂವರಿಗೂ ತಲುಪಿತೇ ಎಂದು ಪರೀಕ್ಷಿಸಿ.

ಹಿರಿಯರ ಮೊದಲ ಸಾಲನ್ನು ಎಸೆಯಬೇಡಿ. ಅದಕ್ಕೆ ಬೇರೆ ಕಡತ ಮಾಡಿ, 'ನಮ್ಮ ಹಾರೈಕೆ' ಎಂದೋ 'ಕೆಲವರ ಸಂಕಲ್ಪ' ಎಂದೋ ಹೆಸರಿಡಿ. 'ತಕ್ಕದ್ದು' ಹೋಗಿ 'ದುಡಿಯುತ್ತೇನೆ' ಬರಲಿ. ಕೆಳಗೆ ಒಪ್ಪಿದವರ ಹೆಸರು ಮಾತ್ರ ಇರಲಿ, ಹೆಸರು ಹಾಕದವರನ್ನು ಏಕೆಂದು ಯಾರೂ ಕೇಳುವುದಿಲ್ಲ ಎಂಬ ಸಾಲೂ ಇರಲಿ. ಬೇರೆ ಶ್ರದ್ಧೆಯವರು, ಶ್ರದ್ಧೆಯಿಲ್ಲದವರು ತಮ್ಮ ಮಾತು ಸೇರಿಸುತ್ತೇವೆಂದರೆ ಅದೇ ಕಡತದಲ್ಲಿ ಜಾಗ ಕೊಡಿ. ಸಂಹಿತೆಯಿಂದ ಆ ಕಡತಕ್ಕೆ ಕೊಂಡಿ ಬೇಡ. ಕೊಂಡಿ ಇದ್ದರೆ ಓದುವವರು ಅದನ್ನೂ ನಿಯಮವೆಂದೇ ತಿಳಿಯುತ್ತಾರೆ.

ಇಷ್ಟೆಲ್ಲ ಮುಗಿಯಲು ನಿಮಗೆ ಎರಡು ಮೂರು ವಾರ ಹಿಡಿಯಬಹುದು. ಆ ಹುಡುಗನನ್ನು ಅಲ್ಲಿಯವರೆಗೆ ಕಾಯಿಸಬೇಡಿ. ನೀನು ಒಳಗಿನವನೇ ಎಂದು ಇವತ್ತೇ ಬರೆಯಿರಿ. ಸಾಧ್ಯವಾದರೆ ಆ ಉತ್ತರಕ್ಕೆ ಹಿರಿಯರೇ ಸಹಿ ಹಾಕಲಿ.