ಓದುಗರ ಪ್ರಶ್ನೆ: ಕಾಂಡ್ಲಾ ಅಧ್ಯಯನಕ್ಕೆ ಡಿಗ್ರಿ ಬೇಕಾ?

ಪ್ರಶ್ನೆ: ನಮ್ಮ ಮನೆ ಅಘನಾಶಿನಿ ಹಿನ್ನೀರಿನ ದಂಡೆಯಲ್ಲಿದೆ. ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಸಂಶೋಧನೆಗೆ ನಮ್ಮಂಥವರೂ ಮಾಹಿತಿ ಕೊಡಬಹುದಂತೆ. ನಾನು ಓದಿದ್ದು ಪಿಯುಸಿ, ಅದೂ ಕಾಮರ್ಸ್. ನನ್ನಿಂದ ಏನಾದರೂ ಉಪಯೋಗ ಇದೆಯಾ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಖಂಡಿತ ಇದೆ. ನೀವು ಅಲ್ಲೇ ಇದ್ದೀರಲ್ಲ, ಅದೇ ದೊಡ್ಡ ಅರ್ಹತೆ. ಸಂಶೋಧಕರು ಬಂದು ನೋಡಿ ಹೋಗುತ್ತಾರೆ. ಮಳೆಗಾಲದಲ್ಲಿ, ಬೇಸಿಗೆಯಲ್ಲಿ, ಗಜನಿಗೆ (ಹಿನ್ನೀರಿನ ಪಕ್ಕದ ತಗ್ಗು ಗದ್ದೆಗೆ) ಉಪ್ಪುನೀರು ನುಗ್ಗಿದಾಗ ಅದೇ ಗಿಡ ಹೇಗಿತ್ತು ಅಂತ ಹೇಳಬಲ್ಲವರು ದಂಡೆಯ ಜನ ಮಾತ್ರ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ, ಈಗಂತೂ ಇಂಥ ದಾಖಲೆ ತುಂಬಾ ಬೇಕು.

ಗಿಡ-ಪ್ರಾಣಿಗಳ ಫೋಟೋ ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಖಾತೆ ತೆರೆಯಿರಿ, ಎರಡೂ ಉಚಿತ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಫೋಟೋ, ದಿನಾಂಕ, ಜಾಗ ಸರಿಯಾಗಿದ್ದರೆ ಗೊತ್ತಿದ್ದವರು ಗುರುತಿಸಿ ಕೊಡುತ್ತಾರೆ. ಆದರೆ ದೋಣಿಯಿಂದ ತೆಗೆದ ಹಸಿರು ಸಾಲಿನ ಒಂದೇ ಫೋಟೋ ಹಾಕಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬೇರು, ಎಲೆಯ ಎರಡೂ ಬದಿ, ಹೂವು, ಕಾಯಿ, ಎಲ್ಲ ಬೇರೆ ಬೇರೆ ತೆಗೆಯಿರಿ. ಕಾಂಡದಿಂದ ಬೇರು ಇಳಿಬಿಟ್ಟು ನಿಂತಿದ್ದರೆ, ಎಲೆಯ ತುದಿಯಲ್ಲಿ ಮುಳ್ಳಿನಂಥ ಮೊನೆ ಇದ್ದರೆ ಅದು ರೈಜೋಫೊರಾ ಅನ್ನುವ ಕಾಂಡ್ಲಾ. ಅದರಲ್ಲೂ ಹೂವು ತೊಟ್ಟಿಲ್ಲದೆ ಜೋಡಿಯಾಗಿ ಅಂಟಿಕೊಂಡಿದ್ದರೆ ಅಪಿಕ್ಯುಲೇಟಾ, ತೊಟ್ಟಿರುವ ಗೊಂಚಲಾದರೆ ಮ್ಯುಕ್ರೊನಾಟಾ. ಕೆಸರಿನಿಂದ ಉಸಿರುಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಎದ್ದಿದ್ದು, ಎಲೆಯ ಅಡಿ ಬಿಳಿಚಿಕೊಂಡಿದ್ದರೆ ಅವಿಸೆನ್ನಿಯಾ ಇರಬಹುದು. ಬಿಸಿಲಿಗೆ ಅದರ ಎಲೆ ಮೇಲೆ ಉಪ್ಪಿನ ಹರಳು ಕೂತಿರುತ್ತದೆ, ಅದನ್ನೂ ಹತ್ತಿರದಿಂದ ತೆಗೆಯಿರಿ.

ಇನ್ನೊಂದು ಮಾತು, ಇದನ್ನು ಜನ ಮರೆಯುವುದೇ ಜಾಸ್ತಿ. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಸಸಿಗಳನ್ನು ಸಾಲಾಗಿ ನೆಟ್ಟ ಜಾಗ ಬಹಳ ಇವೆ. ನೆಟ್ಟ ಗಿಡ ಯಾವುದು, ತಾನಾಗಿ ಹುಟ್ಟಿದ್ದು ಯಾವುದು ಅಂತ ಊರಿನವರಿಗೆ ಗೊತ್ತಿರುತ್ತದೆ, ಫೋಟೋ ನೋಡುವವರಿಗೆ ಗೊತ್ತಾಗುವುದಿಲ್ಲ. ಅದನ್ನು ತಪ್ಪದೆ ಬರೆಯಿರಿ. ನೆಟ್ಟ ಸಸಿ ಒಣಗಿದ್ದರೆ ಅದನ್ನೂ ಹಾಕಿ, ಸತ್ತ ಗಿಡವೂ ಮಾಹಿತಿಯೇ ಅಲ್ವಾ.

ಹೊಸ ಹೊಸ ಜಾಗ ಸುತ್ತುವುದಕ್ಕಿಂತ ಮನೆ ಹತ್ತಿರದ ನಾಲ್ಕೈದು ಗಿಡಗಳನ್ನೇ ಆರಿಸಿಕೊಂಡು ತಿಂಗಳು ತಿಂಗಳು ನೋಡುವುದು ನನ್ನ ಪ್ರಕಾರ ಹೆಚ್ಚು ಬೆಲೆಯ ಕೆಲಸ. ರೈಜೋಫೊರಾದ ಬೀಜ ಮರದಲ್ಲೇ ಮೊಳೆತು, ಉದ್ದನೆಯ ಕೋಲಾಗಿ ನೇತಾಡುತ್ತದೆ. ಅದು ಯಾವಾಗ ಕಾಣಿಸಿತು, ಯಾವಾಗ ಬಿತ್ತು, ಬಿದ್ದಲ್ಲಿ ಬೇರು ಬಿಟ್ಟಿತಾ ಅಂತ ಬರೆದಿಡಿ.

ಇಳಿತದ ಹೊತ್ತು ನೋಡಿಕೊಂಡು ಇಳಿಯಿರಿ, ಒಬ್ಬರೇ ಹೋಗಬೇಡಿ. ಎಲೆ ಮುರಿದಾಗ ಹಾಲು ಬರುವ ಎಕ್ಸ್‌ಕೊಕೇರಿಯಾ ಗಿಡ ಮುಟ್ಟಬೇಡಿ, ಆ ಹಾಲು ಕಣ್ಣಿಗೆ ತುಂಬಾ ಅಪಾಯ.

ಪ್ರಶ್ನೆ: ಸಿದ್ದಾಪುರ ಕಡೆಯ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರಗಳಿರುವ ಕಾಡಿನ ಜೌಗು ನೆಲದಲ್ಲಿ) ಮಕ್ಕಳಿಂದ ಇದೇ ಕೆಲಸ ಮಾಡಿಸಬಹುದಾ?
– ಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಮಾಡಿಸಬಹುದು ಮೇಡಂ, ಆದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಜಡ್ಡಿಯ ನೆಲ ಸೂಕ್ಷ್ಮ, ಮಕ್ಕಳ ಗುಂಪು ತುಳಿದರೆ ಎಳೆ ಸಸಿಗಳು ಉಳಿಯುವುದಿಲ್ಲ. ಸ್ವಲ್ಪ ಮಕ್ಕಳನ್ನೇ ಕರೆದೊಯ್ದು, ಇರುವ ಕಾಲುದಾರಿ ಬಿಡದೆ ನಡೆಸಿ. 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಈ ಜಡ್ಡಿಗಳದ್ದೇ ಮರ. ಇಂಥ ಅಪರೂಪದ ಮರ ಸಿಕ್ಕರೆ ಆ್ಯಪ್‌ನಲ್ಲಿ ನಿಖರ ಜಾಗ ಮರೆಮಾಡಿ, ವಾಟ್ಸ್‌ಆ್ಯಪ್ ಗುಂಪಿಗೆ ಲೊಕೇಶನ್ ಕಳಿಸಲೇಬೇಡಿ.