ಬೈದರೆ ಮಕ್ಕಳು ಗಟ್ಟಿಯಾಗುತ್ತಾರಾ?

ಮಕ್ಕಳ ಆಟ, ಮಕ್ಕಳ ಮನಸ್ಸು: ಓದುಗರ ಪ್ರಶ್ನೆಗೆ ಕ್ರೀಡಾ ಮನಃಶಾಸ್ತ್ರಜ್ಞರ ಉತ್ತರ

ಮಗನಿಗೆ 13 ವರ್ಷ. ಸೈಕ್ಲಿಂಗ್ ಕಲಿಯುತ್ತಿದ್ದಾನೆ. ಕೋಚ್ ಎಲ್ಲರ ಮುಂದೆ ‘ದಂಡ ಅದೀ, ನಿನ್ನ ಕೈಲೆ ಏನೂ ಆಗಂಗಿಲ್ಲ’ ಎಂದು ಬೈಯುತ್ತಾರೆ. ಈಗ ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಾನೆ. ಡಾಕ್ಟರು ಏನೂ ಇಲ್ಲ ಅಂದರು. ನಮ್ಮ ಮಾವನವರು ‘ಪೆಟ್ಟು ತಿಂದ್ರನ ಕಲ್ಲು ಮೂರ್ತಿ ಆಗ್ತೈತಿ’ ಅಂತಾರೆ. ಸುಮ್ನಿರಬೇಕಾ?
– ಒಬ್ಬ ತಾಯಿ, ವಿಜಯಪುರ

ಈ ಕಲ್ಲು-ಮೂರ್ತಿಯ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎಷ್ಟು ಸಲ ಉತ್ತರ ಬರೆದರೂ ಮತ್ತೆ ಅದೇ ಪತ್ರ ಬರುತ್ತದೆ. ನಿಮ್ಮ ಮಗ ಕಲ್ಲಲ್ಲ, ತಾಯಿ. ಅವನ ಹೊಟ್ಟೆನೋವು ನೆಪವೂ ಅಲ್ಲ. ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಅಭ್ಯಾಸಕ್ಕೆ ರಜೆ ಇರುವ ದಿನ ಆ ನೋವು ಬರುತ್ತದಾ ಅಂತ ಗಮನಿಸಿ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮೂರ ಹೊರಗೆ ಮಕ್ಕಳ ಅಭ್ಯಾಸ ನೋಡುತ್ತ ನಿಂತಿದ್ದೆ. ತಿರುವಿನಲ್ಲಿ ಒಬ್ಬ ಹುಡುಗಿ ಬಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ಕೈ ನೋಡಿಕೊಳ್ಳಲಿಲ್ಲ, ಸೈಕಲ್ಲನ್ನೂ ನೋಡಲಿಲ್ಲ. ಮೊದಲು ನೋಡಿದ್ದು ಕೋಚ್ ಮುಖ. ಅವರು ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬಾಟಲಿಯ ನೀರಲ್ಲಿ ಗಾಯ ತೊಳೆದರು. ಆಮೇಲೆ, ‘ತಿರುಗುವಾಗ ಒಳಬದಿಯ ಪೆಡಲ್ ಕೆಳಗಿತ್ತು, ರಸ್ತೆಗೆ ತಾಗಿತು. ಅದು ಮೇಲಿರಬೇಕು. ಇನ್ನೊಂದು ಸುತ್ತು ಬಾ’ ಅಂದರು. ಮೂರನೇ ಸುತ್ತಿನ ಹೊತ್ತಿಗೆ ಆ ಹುಡುಗಿ ಕೋಚ್ ಕಡೆ ತಿರುಗಲೇ ಇಲ್ಲ. ಅವಳ ಕಣ್ಣು ತಿರುವಿನ ಮೇಲಿತ್ತು.

‘ದಂಡ’ ಅಂತ ಬೈದಿದ್ದರೆ ಪೆಡಲ್ ಎಲ್ಲಿರಬೇಕು ಅಂತ ಅವಳಿಗೆ ಗೊತ್ತಾಗುತ್ತಿತ್ತಾ? ಬೈಗುಳಕ್ಕೆ ಹೆದರುವ ಮಗು ಕೋಚ್ ಮುಖ ನೋಡಿಕೊಂಡೇ ಆಡುತ್ತದೆ. ಗಮನ ಅರ್ಧ ಅಲ್ಲೇ ಹೋಗುತ್ತದೆ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್, ಫ್ರ್ಯಾಂಕ್ ಸ್ಮಾಲ್ ಮತ್ತು ಸಂಗಡಿಗರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಒಂದಷ್ಟು ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟರು: ಮಗು ಪ್ರಯತ್ನ ಪಟ್ಟರೆ ಮೆಚ್ಚಿ, ತಪ್ಪಿದರೆ ಧೈರ್ಯ ಹೇಳಿ ತಿದ್ದಿ, ಅವಮಾನ ಮಾಡಬೇಡಿ. 1992ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಮುಂದಿನ ವರ್ಷಕ್ಕೆ ಆಟ ಬಿಟ್ಟ ಮಕ್ಕಳು ತರಬೇತಿ ಪಡೆದ ಕೋಚ್‌ಗಳ ತಂಡಗಳಲ್ಲಿ ಶೇ 5, ಉಳಿದ ತಂಡಗಳಲ್ಲಿ ಶೇ 26. ಸೋಲು-ಗೆಲುವಿನ ಲೆಕ್ಕದಲ್ಲಿ ಮಾತ್ರ ಫರಕು ಇರಲಿಲ್ಲ. ಅಂದರೆ ಒಳ್ಳೆ ಮಾತಿನಿಂದ ಯಾರೂ ಸೋಲಲಿಲ್ಲ. ಇನ್ನೊಂದು ವಿಷಯವೂ ಅವರಿಗೆ ಕಂಡಿತು. ಕೋಚ್ ನಡವಳಿಕೆ ಜಾಸ್ತಿ ತಟ್ಟುವುದು ಮೊದಲೇ ತನ್ನ ಮೇಲೆ ನಂಬಿಕೆ ಕಡಿಮೆ ಇರುವ ಮಗುವಿಗೆ.

ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಐದೂವರೆಗೆ ಬರಬೇಕು, ತಪ್ಪಿದ್ದನ್ನು ಹತ್ತು ಸಲ ಮಾಡಬೇಕು, ಇದೆಲ್ಲ ಇರಲೇಬೇಕು.

ಈಗ ನೀವು ಮಾಡಬೇಕಾದದ್ದು. ಸ್ಪರ್ಧೆ ಇಲ್ಲದ ದಿನ, ಮಕ್ಕಳು ಇಲ್ಲದ ಹೊತ್ತಿಗೆ ಕೋಚ್ ಹತ್ತಿರ ಹೋಗಿ. ಜಗಳ ತೆಗೆಯಬೇಡಿ. ‘ಸರ್, ಈ ತಿಂಗಳು ಅವನು ಯಾವ ಒಂದು ತಪ್ಪು ತಿದ್ದಿಕೊಳ್ಳಬೇಕು?’ ಅಂತ ಕೇಳಿ. ಬೆಳಗಿನ ಹೊಟ್ಟೆನೋವಿನ ವಿಷಯವನ್ನೂ ಹೇಳಿ. ಎಷ್ಟೋ ಕೋಚ್‌ಗಳು ತಾವೂ ಬೈಸಿಕೊಂಡೇ ಬೆಳೆದವರು, ಬೇರೆ ದಾರಿ ಅವರಿಗೆ ಯಾರೂ ತೋರಿಸಿಲ್ಲ. ಕೇಳಿದರೆ ಬದಲಾಗುವವರು ಇದ್ದಾರೆ, ನಾನೇ ಕಂಡಿದ್ದೇನೆ. ಮೂರು ವಾರ ನೋಡಿ. ಬದಲಾಗದಿದ್ದರೆ ಕೋಚ್ ಬದಲಿಸಿ. ಕೈ ಎತ್ತಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಮನೆಯಲ್ಲೂ ಒಂದು ಬದಲಾವಣೆ ಬೇಕು. ಮಗ ಬಂದ ಕೂಡಲೇ ‘ಎಷ್ಟನೇ ನಂಬರ್ ಬಂದಿ?’ ಅಂತ ಕೇಳಬೇಡಿ. ಮೊದಲು ಊಟಕ್ಕೆ ಬಡಿಸಿ.

ಕುಸ್ತಿ ಸ್ಪರ್ಧೆಗೆ ಎರಡು ದಿನ ಮೊದಲು ಮಗಳಿಗೆ ನೀರು ಬಿಡಿಸಿ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಸಿ ಓಡಿಸಿ 3 ಕೆ.ಜಿ. ಇಳಿಸುತ್ತಾರೆ. ಇದು ಸರಿಯೇ? – ಬಾಗಲಕೋಟೆ

ಖಂಡಿತ ಸರಿಯಲ್ಲ. ಇವತ್ತೇ ನಿಲ್ಲಿಸಿ. ಹೀಗೆ ಇಳಿಯುವುದು ಕೊಬ್ಬಲ್ಲ, ಮೈಯ ನೀರು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೇ ಬೆವರಿಳಿಸಿ ತೂಕ ಕಳೆಯಲು ಹೋಗಿ ಸುಮಾರು ಒಂದೇ ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಅದಾದ ಮೇಲೆ ಅಲ್ಲಿ ನಿಯಮಗಳನ್ನೇ ಬದಲಿಸಿದರು. ಬೆಳೆಯುವ ಹುಡುಗಿ ಮೇಲಿನ ತೂಕದ ವಿಭಾಗದಲ್ಲಿ ಆಡಲಿ. ಸೋತರೂ ಪರವಾಗಿಲ್ಲ.

ಜಿಮ್‌ನಲ್ಲಿ ಒಬ್ಬರು ಮಗನಿಗೆ ಚೀಟಿ ಇಲ್ಲದ ಡಬ್ಬಿಯಲ್ಲಿ ಪುಡಿ ಕೊಡುತ್ತಾರೆ. ಕೋಚ್ ಕೂಡ ತಗೋ ಅಂತಾರೆ. – ಬೆಳಗಾವಿ

ಚೆಲ್ಲಿಬಿಡಿ. ಅದರಲ್ಲಿ ನಿಷೇಧಿತ ಮದ್ದಿದ್ದರೆ ಸಿಕ್ಕಿಬೀಳುವುದು ನಿಮ್ಮ ಮಗ. ‘ಕೋಚ್ ಕೊಟ್ಟರು’ ಅಂದರೆ ಡೋಪಿಂಗ್ ನಿಯಮ ಬಿಡುವುದಿಲ್ಲ. ಮಕ್ಕಳಿಗೆ ಇಂಥದ್ದನ್ನು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ವಯಸ್ಸು ಎರಡು ವರ್ಷ ಕಡಿಮೆ ಬರೆಸಿ ಅಂತಾರೆ ಕೋಚ್. – ಜಮಖಂಡಿ

ಬೇಡ. ಅಂಥ ಕೋಚೂ ಬೇಡ.

ಮಗಳಿಗೆ 15 ವರ್ಷ. ಕೋಚ್ ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಮಾಡುತ್ತಾರೆ. ‘ಯಾರಿಗೂ ತೋರಿಸಬೇಡ’ ಅಂತಲೂ ಬರೆದಿದ್ದಾರೆ. ನಾವು ತಪ್ಪು ತಿಳಿಯುತ್ತಿದ್ದೇವಾ? – ಊರು ಬೇಡ

ಇಲ್ಲ, ನೀವು ಸರಿಯಾಗಿಯೇ ತಿಳಿದಿದ್ದೀರಿ. ಅಭ್ಯಾಸದ ವಿಷಯ ಇದ್ದರೆ ತಂದೆ ತಾಯಿಯ ಫೋನಿಗೆ, ಹಗಲಲ್ಲಿ ಬರಬೇಕು. ಆ ಮೆಸೇಜುಗಳನ್ನು ಅಳಿಸಬೇಡಿ, ಫೋಟೊ ತೆಗೆದಿಡಿ. ಮಗಳನ್ನು ಒಬ್ಬಳೇ ಅಭ್ಯಾಸಕ್ಕೆ ಕಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಮಾತು ಇದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, ಗೊತ್ತಿದ್ದೂ ಮುಚ್ಚಿಡುವುದೂ ಅಪರಾಧ. ಮರ್ಯಾದೆ ಅಂತ ಸುಮ್ಮನಾಗಬೇಡಿ. ಇದರಲ್ಲಿ ಅವಳ ತಪ್ಪು ಏನೂ ಇಲ್ಲ ಅಂತ ಇವತ್ತು ರಾತ್ರಿ ಮಲಗುವ ಮೊದಲೇ ಅವಳ ಪಕ್ಕ ಕೂತು ಹೇಳಿ.