ಮಗಳನ್ನು ವಾಪಸ್ ಕರೆಸಬೇಡಿ

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ. ಮಗಳು ಎಂಎಸ್ಸಿ ಮುಗಿಸಿ ವಿಶ್ವವಿದ್ಯಾಲಯವೊಂದರ ಲ್ಯಾಬ್‌ನಲ್ಲಿ ಮಂಗನ ಕಾಯಿಲೆ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ, ಇದು ಮೂರನೇ ವರ್ಷ. ಜೊತೆಗೆ ಓದಿದವರೆಲ್ಲ ಬೆಂಗಳೂರಿನ ಔಷಧ ಕಂಪನಿಗಳಲ್ಲಿ ಒಳ್ಳೆ ಸಂಬಳಕ್ಕಿದ್ದಾರೆ. ‘ಇವಳು ಇನ್ನೂ ಉಣುಗು ಎಣಿಸ್ತಾ ಕೂತಿದ್ದಾಳೆ. ಅರವತ್ತು ವರ್ಷಕ್ಕಿಂತ ಜಾಸ್ತಿ ಸಂಶೋಧನೆ ಮಾಡಿ ಇವರೆಲ್ಲ ಏನು ಕಂಡುಹಿಡಿದರು? ಜನ ಇನ್ನೂ ಸಾಯ್ತಿದ್ದಾರೆ. ಅವಳನ್ನು ವಾಪಸ್ ಕರೆಸೋದೇ ಒಳ್ಳೇದಲ್ವಾ?’

ದುಡ್ಡಿನ ಚಿಂತೆ ನ್ಯಾಯವಾದದ್ದೇ ಸ್ವಾಮಿ. ಕೊಳೆರೋಗಕ್ಕೆ ಅರ್ಧ ಫಸಲು ಹೋದ ವರ್ಷ ಮಗಳ ಖರ್ಚಿಗೂ ಮನೆಯಿಂದ ಕಳಿಸಬೇಕು ಅಂದರೆ ಯಾರಿಗಾದರೂ ಕಷ್ಟ. ಆದರೆ ‘ಏನು ಕಂಡುಹಿಡಿದರು’ ಅನ್ನೋ ಮಾತನ್ನು ಶಿವಮೊಗ್ಗ ಜಿಲ್ಲೆಯವರು ಆಡಬಾರದು.

1957ರಲ್ಲಿ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಅಂತ ಮೊದಲು ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಬೇರೆಯದೇ ವೈರಸ್, ಉಣುಗಿನಿಂದ ಹರಡುತ್ತೆ ಅಂತ ತೋರಿಸಿದರು. ಆ ತಂಡದಲ್ಲಿದ್ದ ಪಿ.ಕೆ. ರಾಜಗೋಪಾಲನ್ ಆಗಿನ್ನೂ ಚಿಕ್ಕ ವಯಸ್ಸಿನ ಕೀಟತಜ್ಞ. ವರ್ಷಗಟ್ಟಲೆ ಮಲೆನಾಡಿನ ಕಾಡು ಸುತ್ತಿದರು, ಆಮೇಲೆ ರೋಗ ಹರಡುವ ಕೀಟಗಳ ನಿಯಂತ್ರಣಕ್ಕಿರುವ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನ ನಿರ್ದೇಶಕರಾದರು. ಆ ಕಾಲದಲ್ಲಿ ಈ ವೈರಸ್ ಜೊತೆ ಕೆಲಸ ಮಾಡಿದ ಎಷ್ಟೋ ಜನರಿಗೆ ಲ್ಯಾಬ್‌ನಲ್ಲೇ ಕಾಯಿಲೆ ತಗುಲಿತ್ತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲಿನ ತರಗೆಲೆಗೆ ಉದುರುತ್ತೆ, ಅದಕ್ಕೇ ಸತ್ತ ಜಾಗದ ಸುತ್ತ ಕೀಟನಾಶಕ ಪುಡಿ ಎರಚಬೇಕು, ಸೊಪ್ಪಿಗೆ ಆ ಕಡೆ ಹೋಗಬಾರದು ಅಂತ ಇವತ್ತು ನಿಮ್ಮೂರ ಆಶಾ ಕಾರ್ಯಕರ್ತೆ ಹೇಳ್ತಾರಲ್ಲ, ಅದೆಲ್ಲ ಹೀಗೆ ಉಣುಗು ಎಣಿಸಿದವರಿಂದಲೇ ಗೊತ್ತಾಗಿದ್ದು. ಹಳೆ ಲಸಿಕೆ ಸಾಲುತ್ತಿಲ್ಲ ಅಂತ ಗೊತ್ತಾಗಿದ್ದೂ ಲೆಕ್ಕ ಹಾಕಿದವರಿಂದಲೇ. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದನ್ನು ಮಾಡೋರು ಯಾರು? ನಿಮ್ಮ ಮಗಳಂಥವರೇ ಅಲ್ವಾ?

ಇಂಥ ಹುಡುಗ ಹುಡುಗಿಯರ ಜೊತೆ ನಾನೊಮ್ಮೆ ಕಾಡಿಗೆ ಹೋಗಿದ್ದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಉಣುಗು ಹತ್ತದಂತೆ ಕೈಕಾಲಿಗೆಲ್ಲ ಡೆಪಾ ಎಣ್ಣೆ ಬಳಿದುಕೊಂಡು, ಬಿಳಿ ಬಟ್ಟೆಯೊಂದನ್ನು ತರಗೆಲೆ ಮೇಲೆ ನಿಧಾನಕ್ಕೆ ಎಳೆಯುತ್ತಾರೆ. ಸ್ವಲ್ಪ ದೂರ ಎಳೆದು ಬಟ್ಟೆ ತಿರುವಿ ಹಾಕಿದರೆ ಎಳ್ಳಿಗಿಂತ ಚಿಕ್ಕ ಮರಿ ಉಣುಗುಗಳು ಹರಿದಾಡುತ್ತಿರುತ್ತವೆ. ಚಿಮಟದಲ್ಲಿ ಒಂದೊಂದಾಗಿ ಎತ್ತಿ ಗಾಜಿನ ಕೊಳವೆಗೆ ಹಾಕಬೇಕು, ಜಾಗ ಬರೆಯಬೇಕು, ತಾರೀಖು ಬರೆಯಬೇಕು. ಸಂಜೆ ಲ್ಯಾಬ್‌ಗೆ ಬಂದು ಮೈಕ್ರೋಸ್ಕೋಪ್ ಕೆಳಗೆ ಜಾತಿ ಜಾತಿ ಬೇರೆ ಮಾಡಬೇಕು. ರಾತ್ರಿ ಎಷ್ಟೊತ್ತಾದರೂ ಅವರಲ್ಲೊಬ್ಬ ಹುಡುಗಿ ಕುರ್ಚಿ ಬಿಟ್ಟು ಏಳಲಿಲ್ಲ. ಅದೇ ಲ್ಯಾಬ್‌ನಲ್ಲಿ ಹಿಂದೆ ಒಮ್ಮೆ ಕರೆಂಟ್ ಹೋಗಿ, ಜನರೇಟರ್‌ಗೆ ಡೀಸೆಲ್ ಇಲ್ಲದೆ, ಮೈನಸ್ 80 ಡಿಗ್ರಿಯ ಫ್ರೀಜರ್ ಕರಗಿ ಒಂದು ಇಡೀ ಸೀಸನ್ನಿನ ಮಾದರಿಗಳು ಹಾಳಾಗಿದ್ದವಂತೆ. ಡೀಸೆಲ್ ಬಿಲ್ ಯಾವುದೋ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಯಾರನ್ನೂ ಯಾರೂ ಕೇಳಲಿಲ್ಲ.

ಸಿಟ್ಟು ಮಾಡುವುದಾದರೆ ಇದರ ಮೇಲೆ ಮಾಡಿ. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಸಂಶೋಧನೆ ಶುರುಮಾಡಿದವರಿಗೆ ಸರ್ಕಾರ ಕೊಡುವ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ ಆಗಿದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದು ತಿಂಗಳು ತಿಂಗಳು ಬರುತ್ತಾ ಅಂತ ಯಾವ ಸಂಶೋಧನಾ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ. ನೆಟ್ ಅರ್ಹತಾ ಪರೀಕ್ಷೆ ಪಾಸಾಗದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ ಹತ್ತು ವರ್ಷಕ್ಕೂ ಮೇಲೆ 8,000 ರೂಪಾಯಿಯೇ ಗತಿಯಾಗಿತ್ತು. ಜೀವಂತ ವೈರಸ್ ಮುಟ್ಟಬೇಕು ಅಂದರೆ ಅದಕ್ಕೆ ತಕ್ಕ ಸುರಕ್ಷತೆಯ ಲ್ಯಾಬ್ ಬೇಕು. ಅತಿ ಹೆಚ್ಚು ಸುರಕ್ಷತೆಯ ಬಿಎಸ್‌ಎಲ್-4 ಲ್ಯಾಬ್ ದೇಶದಲ್ಲಿ ಮೊದಲು 2012ರಲ್ಲಿ ಬಂದಿದ್ದು ಪುಣೆಗೆ. ಕಾಯಿಲೆ ನಮ್ಮದು, ಲ್ಯಾಬ್ ಪುಣೆಯಲ್ಲಿ! ಪಿಎಚ್‌ಡಿ ಮುಗಿಸಿದ ಮೇಲಾದರೂ ಕೆಲಸ ಇದೆಯಾ? ವಿಶ್ವವಿದ್ಯಾಲಯಗಳಲ್ಲಿ ಹುದ್ದೆ ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರನ್ನು ಇಟ್ಟುಕೊಂಡು ವರ್ಷ ದೂಡುತ್ತಾರೆ. ಚೆನ್ನಾಗಿ ಕಲಿತವರು ಜರ್ಮನಿಗೋ ಅಮೆರಿಕಕ್ಕೋ ಹೋಗುತ್ತಾರೆ, ಆಮೇಲೆ ನಾವೇ ಪ್ರತಿಭಾ ಪಲಾಯನ ಅಂತ ಭಾಷಣ ಮಾಡುತ್ತೇವೆ.

ಈ ಉಪೇಕ್ಷೆ ಹೊಸದೇನಲ್ಲ. ಕಲ್ಕತ್ತಾದ ಶಂಭುನಾಥ ಡೇ ಕಾಲರಾ ರೋಗಾಣು ಬಿಡುವ ವಿಷವೇ ಆ ಭೇದಿಗೆ ಕಾರಣ ಅಂತ ಮೊಲದ ಕರುಳಿನಲ್ಲಿ ಪ್ರಯೋಗ ಮಾಡಿ 1959ರಲ್ಲಿ ಜಗತ್ತಿಗೆ ತೋರಿಸಿದರು. 1985ರಲ್ಲಿ ತೀರಿಕೊಳ್ಳುವವರೆಗೂ ದೇಶ ಅವರಿಗೆ ಒಂದು ದೊಡ್ಡ ಪ್ರಶಸ್ತಿ ಕೊಡಲಿಲ್ಲ. ಟಿವಿಯವರೂ ಅಷ್ಟೇ. 2018-19ರಲ್ಲಿ ನಿಮ್ಮ ಅರಳಗೋಡಿನಲ್ಲಿ ಸಾಲು ಸಾಲು ಸಾವಾದಾಗ ಕ್ಯಾಮೆರಾ ಹೊತ್ತು ಓಡಿ ಬಂದರು. ಮಳೆ ಶುರುವಾಗಿ ಜ್ವರ ನಿಂತ ಮೇಲೆ ಆ ಕಡೆ ತಲೆ ಹಾಕಿದವರು ಎಷ್ಟು ಜನ?

ನಿಮ್ಮ ಮಗಳು ಬೇರೆ ಎಲ್ಲಿಗಾದರೂ ಹೋಗಬಹುದಿತ್ತು. ತನ್ನೂರಿನ ಕಾಯಿಲೆಯನ್ನೇ ಆರಿಸಿಕೊಂಡಿದ್ದಾಳೆ. ಅಂಥ ಮಗಳನ್ನು ಬೆಳೆಸಿದ್ದೀರಿ, ಅದಕ್ಕೆ ನಿಮಗೊಂದು ನಮಸ್ಕಾರ. ದಯವಿಟ್ಟು ಕರೆಸಬೇಡಿ. ಫೋನ್ ಮಾಡಿದಾಗ ‘ಯಾವಾಗ ಮುಗಿಯುತ್ತೆ’ ಅಂತ ಕೇಳುವ ಬದಲು ಫೆಲೋಶಿಪ್ ಬಂತಾ ಅಂತ ಕೇಳಿ. ಎಷ್ಟು ತಿಂಗಳದ್ದು ಬಾಕಿ ಇದೆ ಅಂತ ನಮಗೆ ಬರೆದು ಕಳಿಸಿ. ಅವಳ ಹೆಸರು, ಲ್ಯಾಬಿನ ಹೆಸರು ಬೇಡ. ಬೇರೆ ವಿದ್ಯಾರ್ಥಿಗಳ ಮನೆಯವರೂ ಬರೆಯಲಿ. ಬಂದ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಉನ್ನತ ಶಿಕ್ಷಣ ಸಚಿವರಿಗೂ ಒಂದು ಪ್ರತಿ ಕಳಿಸುತ್ತೇವೆ.

– ಸಂಪಾದಕ